ಎಗಾನ್ ಶೀಲೆಯ ಚಿತ್ರಗಳನ್ನು ನೋಡುವ ಬಗೆ

ಆಸ್ಟ್ರಿಯಾದ ಚಿತ್ರಕಾರ ಎಗಾನ್ ಶೀಲೆಯ ಹೆಸರು ಅನೇಕರ ಕಿವಿಗೆ ಬೀಳುವುದು ಅವನ ಮೇಲಿನ ಮೊಕದ್ದಮೆಯ ಮೂಲಕ, ಇಲ್ಲವೇ ಅವನ ನಗ್ನಚಿತ್ರಗಳ ಸುತ್ತಲಿನ ವಾದವಿವಾದದ ಮೂಲಕ. ಹಾಗೆ ಕೇಳಿ ಬಂದವರು ಚಿತ್ರದ ಮುಂದೆ ನಿಂತಾಗ ತೀರ್ಪು ಕೊಡುವ ಆತುರದಲ್ಲಿರುತ್ತಾರೆ. ಒಬ್ಬರು ಅವನನ್ನು ಹುತಾತ್ಮನೆನ್ನುತ್ತಾರೆ, ಇನ್ನೊಬ್ಬರು ಅಪರಾಧಿಯೆನ್ನುತ್ತಾರೆ; ಎದುರಿಗಿರುವ ಚಿತ್ರವನ್ನು ಮಾತ್ರ ಇಬ್ಬರೂ ನೋಡಿರುವುದಿಲ್ಲ. ಶೀಲೆಯನ್ನು ಹೊಸದಾಗಿ ಅಭ್ಯಾಸ ಮಾಡುವವರು ಮೊದಲು ಇಸವಿಯನ್ನು, ಅನಂತರ ಗೆರೆಯನ್ನು, ಅದಾದ ಮೇಲೆ ವಿವಾದವನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಿವಾದವನ್ನು ಬದಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಸರಿಯಾಗಿ ಅಳೆಯಲು ಬೇಕಾದ ಕಣ್ಣು ಮೊದಲು ಸಿದ್ಧವಾಗಿರಬೇಕು, ಅಷ್ಟೇ.

ಇಸವಿ ಏಕೆ ಮುಖ್ಯವೆಂದರೆ, ಈ ಕಲಾವಿದನ ಬದುಕು ಅಷ್ಟು ಚಿಕ್ಕದು. ಅವನು ಹುಟ್ಟಿದ್ದು 1890ರ ಜೂನ್ 12ರಂದು, ಡ್ಯಾನ್ಯೂಬ್ ನದಿಯ ದಂಡೆಯ ಟುಲ್ನ್ ಎಂಬ ಊರಿನ ರೈಲು ನಿಲ್ದಾಣದ ಮನೆಯಲ್ಲಿ. ತಂದೆ ಅಡಾಲ್ಫ್ ಶೀಲೆ ಅಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಅವನು ತೀರಿಕೊಂಡದ್ದು 1918ರ ಅಕ್ಟೋಬರ್ 31ರಂದು, ವಿಯೆನ್ನಾದಲ್ಲಿ, 28ನೆಯ ವಯಸ್ಸಿನಲ್ಲಿ. ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದು ಕೆಲವು ಗುರುತುಗಳನ್ನು ಹಾಕಿಕೊಳ್ಳಿ: 1906ರಲ್ಲಿ 16ನೆಯ ವಯಸ್ಸಿಗೆ ವಿಯೆನ್ನಾದ ಲಲಿತಕಲಾ ಅಕಾಡೆಮಿಗೆ ಪ್ರವೇಶ, 1907ರಲ್ಲಿ ವಿಯೆನ್ನಾದ ಹಿರಿಯ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್‌ನ ಪರಿಚಯ, 1909ರಲ್ಲಿ ಅಕಾಡೆಮಿಗೆ ವಿದಾಯ, 1912ರಲ್ಲಿ ಬಂಧನ, 1915ರಲ್ಲಿ ಮದುವೆ ಮತ್ತು ಸೈನ್ಯ, 1918ರಲ್ಲಿ ಯಶಸ್ಸು ಮತ್ತು ಸಾವು. ಯಾವ ಚಿತ್ರವನ್ನು ನೋಡಿದರೂ ಅದನ್ನು ಮೊದಲು ಈ ಗೆರೆಯ ಮೇಲೆ ಕೂರಿಸಿ. 1909ರ ಚಿತ್ರಕ್ಕೂ 1910ರ ಚಿತ್ರಕ್ಕೂ ನಡುವೆ ಒಂದೇ ವರ್ಷದ ಅಂತರವಿದ್ದರೂ ಎರಡನ್ನೂ ಮಾಡಿದವನು ಒಬ್ಬನೇ ಎಂದು ನಂಬುವುದು ಕಷ್ಟವಾಗುತ್ತದೆ. ಮೊದಲಿನದರಲ್ಲಿ ಕ್ಲಿಮ್ಟ್‌ನ ಅಲಂಕಾರದ ನೆರಳು ಇನ್ನೂ ಇದೆ. ಎರಡನೆಯದರಲ್ಲಿ ಅಲಂಕಾರ ಹೋಗಿದೆ, ಕೋಣೆ ಹೋಗಿದೆ, ಕುಳಿತವನ ಕೆಳಗಿನ ಕುರ್ಚಿಯೂ ಹೋಗಿದೆ, ಖಾಲಿ ಜಾಗದಲ್ಲಿ ಒಂದು ಬಡಕಲು ದೇಹ ಮಾತ್ರ ಉಳಿದಿದೆ.

ಈಗ ಗೆರೆಗೆ ಬನ್ನಿ. ಶೀಲೆಯ ಶಕ್ತಿಯೆಲ್ಲ ಇರುವುದು ಇಲ್ಲಿ. 1910ರಿಂದ 1912ರವರೆಗಿನ ಯಾವುದಾದರೂ ಒಂದು ರೇಖಾಚಿತ್ರವನ್ನು ಆರಿಸಿಕೊಂಡು, ಭುಜದಿಂದ ಹೊರಟ ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋಗಿ. ಅದು ಪಕ್ಕೆಲುಬಿನ ಹತ್ತಿರ ತಡವರಿಸುತ್ತದೆ, ಮೊಣಕೈಯ ಬಳಿ ಥಟ್ಟನೆ ಮುರಿಯುತ್ತದೆ, ಕೈಬೆರಳುಗಳಿಗೆ ಬಂದಾಗ ಗಂಟುಗಂಟಾಗುತ್ತದೆ. ಆದರೆ ಎಲ್ಲಿಯೂ ಅಳಿಸಿ ತಿದ್ದಿದ ಗುರುತು ಕಾಣುವುದಿಲ್ಲ. ಅವನು ರೂಪದರ್ಶಿಯನ್ನು ನೋಡುತ್ತ ಬಹಳ ವೇಗವಾಗಿ ಗೆರೆ ಎಳೆಯುತ್ತಿದ್ದ, ಅನಂತರ ರೂಪದರ್ಶಿಯಿಲ್ಲದೆಯೇ ಬಣ್ಣ ತುಂಬುತ್ತಿದ್ದ. ಇದು ತಿಳಿದಿದ್ದರೆ ಮೈಮೇಲಿನ ಹಸಿರು, ಕೆಂಪು, ನೇರಳೆ ಕಲೆಗಳು ಏನೆಂದು ಅರ್ಥವಾಗುತ್ತದೆ: ಅವು ಕಂಡ ಬಣ್ಣಗಳಲ್ಲ, ಆಮೇಲೆ ಯೋಚಿಸಿ ಇಟ್ಟ ಬಣ್ಣಗಳು. ಕೆಲವು ಹಾಳೆಗಳಲ್ಲಿ ದೇಹದ ಸುತ್ತ ದಪ್ಪನೆಯ ಬಿಳಿ ಗ್ವಾಶ್ (ಕೆಳಗಿನದನ್ನು ಪೂರ್ತಿ ಮುಚ್ಚುವ ಜಲವರ್ಣ) ಬಣ್ಣದ ಪಟ್ಟಿಯಿರುತ್ತದೆ. ಅದು ಆಕೃತಿಯನ್ನು ಕಾಗದದಿಂದ ಕತ್ತರಿಸಿ ತೆಗೆದಂತೆ ಮಾಡುತ್ತದೆ.

ಸಾಧ್ಯವಾದರೆ ಒಂದು ಚಿತ್ರವನ್ನು ನೀವೇ ಪೆನ್ಸಿಲಿನಲ್ಲಿ ನಕಲು ಮಾಡಿ, ರಬ್ಬರ್ ಮುಟ್ಟಬೇಡಿ. ಹತ್ತು ನಿಮಿಷದಲ್ಲಿ ನಿಮ್ಮ ಕೈ ಎಲ್ಲಿ ಸೋತಿತೆಂಬುದು ಗೊತ್ತಾಗುತ್ತದೆ. ಅವನ ಕಷ್ಟ ಇದ್ದದ್ದೂ ಬಹುಪಾಲು ಅಲ್ಲಿಯೇ. ಜೊತೆಗೆ ಸಹಿಯನ್ನೂ ಗಮನಿಸಿ. ಮಲಗಿದ ದೇಹವನ್ನು ಮೇಲಿನಿಂದ ನೋಡಿ ಬರೆದು, ಹಾಳೆಯನ್ನು ತಿರುಗಿಸಿ, ಆ ದೇಹ ಗಾಳಿಯಲ್ಲಿ ನಿಂತಂತೆ ಕಾಣುವ ದಿಕ್ಕಿನಲ್ಲಿ ಅವನು ಸಹಿ ಹಾಕಿದ್ದುಂಟು. ಆದ್ದರಿಂದ ಭಂಗಿ ಅಸಹಜವೆನಿಸಿದಾಗ ಚಿತ್ರವನ್ನು ಒಮ್ಮೆ ಅಡ್ಡಲಾಗಿ ತಿರುಗಿಸಿ ನೋಡಿ.

ಈ ಅಭ್ಯಾಸವಾದ ಮೇಲೆ ತೈಲವರ್ಣಕ್ಕೆ ಹೋಗಬಹುದು. ಆರಂಭಕ್ಕೆ ನಾನು ಸೂಚಿಸುವುದು 1912ರ ಒಂದು ಜೋಡಿಯನ್ನು: ಕೆಂಪು ಬುಡ್ಡೆಕಾಯಿಗಳ ಗಿಡದ ಪಕ್ಕದಲ್ಲಿ ಶೀಲೆ ಬರೆದುಕೊಂಡ ತನ್ನದೇ ಭಾವಚಿತ್ರ, ಮತ್ತು ಅವನ ಸಂಗಾತಿಯೂ ರೂಪದರ್ಶಿಯೂ ಆಗಿದ್ದ ವಾಲಿ ನೊಯ್ಜಿಲ್‌ಳ ಭಾವಚಿತ್ರ. ಎರಡೂ ವಿಯೆನ್ನಾದ ಲಿಯೋಪೋಲ್ಡ್ ಮ್ಯೂಸಿಯಂನಲ್ಲಿವೆ. ಮುದ್ರಿತ ಪ್ರತಿಗಳಲ್ಲಿ ದೊಡ್ಡದಾಗಿ ಕಾಣುವ ಇವು ನಿಜದಲ್ಲಿ ಸುಮಾರು 32 ಸೆಂಟಿಮೀಟರ್ ಎತ್ತರ, 40 ಸೆಂಟಿಮೀಟರ್ ಅಗಲದ ಮರದ ಹಲಗೆಗಳು. ಶೀಲೆ ತಲೆಯನ್ನು ಓರೆಯಾಗಿಸಿ, ಗಲ್ಲವನ್ನು ಎತ್ತಿ, ಓರೆಗಣ್ಣಿನಲ್ಲಿ ನಮ್ಮನ್ನು ಅಳೆಯುತ್ತಾನೆ. ವಾಲಿ ಹಾಗಲ್ಲ, ನೀಲಿ ಕಣ್ಣುಗಳನ್ನು ಅರಳಿಸಿ ನೇರವಾಗಿ ನೋಡುತ್ತಾಳೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಅವರ ತಲೆಗಳು ವಾಲಿರುವ ದಿಕ್ಕನ್ನು ಹೋಲಿಸಿ. ಒಂದು ಚಿತ್ರಕ್ಕೆ ಇನ್ನೊಂದು ಉತ್ತರ ಕೊಡುವಂತಿದೆ.

ಇನ್ನು ವಿವಾದ. ಇದನ್ನು ಓದುವಾಗ ಆರೋಪ ಯಾವುದು, ತೀರ್ಪು ಯಾವುದು, ಕಥೆ ಯಾವುದು ಎಂದು ಮೂರನ್ನೂ ಬಿಡಿಬಿಡಿಯಾಗಿ ಬರೆದುಕೊಳ್ಳುವುದು ಒಳ್ಳೆಯದು. 1911ರಲ್ಲಿ ಶೀಲೆ ಮತ್ತು ವಾಲಿ ಅವನ ತಾಯಿಯ ಊರಾದ, ಇಂದಿನ ಚೆಕ್ ದೇಶದಲ್ಲಿರುವ ಬೊಹೆಮಿಯಾದ ಕ್ರುಮಾವ್‌ನಲ್ಲಿ ನೆಲೆಸಿದ್ದರು; ಊರಿನವರ ವಿರೋಧದಿಂದ ಅಲ್ಲಿಂದ ಹೊರಟು, ವಿಯೆನ್ನಾದ ಸಮೀಪದ ನೊಯ್‌ಲೆಂಗ್‌ಬಾಖ್‌ಗೆ ಬಂದರು. 1912ರ ಏಪ್ರಿಲ್‌ನಲ್ಲಿ, ಮನೆ ಬಿಟ್ಟು ಬಂದು ಅವರಲ್ಲಿ ಉಳಿದಿದ್ದ ಒಬ್ಬ ಅಪ್ರಾಪ್ತ ಹುಡುಗಿಯ ಪ್ರಕರಣದಲ್ಲಿ ಅವನ ಬಂಧನವಾಯಿತು. ಅಪಹರಣ ಮತ್ತು ಹುಡುಗಿಯನ್ನು ಕೆಡಿಸಿದ ಆರೋಪಗಳು ನಿಲ್ಲಲಿಲ್ಲ. ಮಕ್ಕಳ ಕಣ್ಣಿಗೆ ಬೀಳುವ ಜಾಗದಲ್ಲಿ ಅಶ್ಲೀಲ ಚಿತ್ರಗಳನ್ನು ಇಟ್ಟಿದ್ದನೆಂಬುದಕ್ಕೆ ಶಿಕ್ಷೆಯಾಯಿತು. ಒಟ್ಟು 24 ದಿನ ಅವನು ಸೆರೆಯಲ್ಲಿದ್ದ. ನ್ಯಾಯಾಧೀಶರು ಒಂದು ಚಿತ್ರವನ್ನು ಮೇಣದಬತ್ತಿಯ ಉರಿಗೆ ಹಿಡಿದು ಸುಟ್ಟರೆಂಬ ಮಾತು ಬಹಳ ಪ್ರಸಿದ್ಧ. ಅವನ ಹೆಸರಿನಲ್ಲಿ 1922ರಲ್ಲಿ ಪ್ರಕಟವಾದ ಸೆರೆಮನೆಯ ದಿನಚರಿಯನ್ನಂತೂ ಸಾಕ್ಷ್ಯವೆಂದು ಹಿಡಿಯಬೇಡಿ. ಅದು ಅವನ ಬೆಂಬಲಿಗನಾಗಿದ್ದ ವಿಮರ್ಶಕ ಆರ್ತುರ್ ರೋಸ್ಲರ್‌ನ ಬರಹವೆಂದೇ ವಿದ್ವಾಂಸರ ಅಭಿಪ್ರಾಯ.

ಅದಕ್ಕಿಂತ ನಂಬಬಹುದಾದ ಸಾಕ್ಷ್ಯವೆಂದರೆ ಸೆರೆಯಲ್ಲಿ ಅವನು ಮಾಡಿದ 13 ಚಿತ್ರಗಳು. 1912ರ ಏಪ್ರಿಲ್ 19ರ ಒಂದು ಹಾಳೆಯಲ್ಲಿ ಮಂಕು ಬಣ್ಣದ ಕೋಣೆ, ಮಂಚ, ಹೊದಿಕೆ ಇವೆ. ನಡುವೆ ಒಂದೇ ಒಂದು ಕಿತ್ತಳೆ ಹಣ್ಣು ಉರಿಯುವಂತೆ ಕುಳಿತಿದೆ. ಆ ಒಂದು ಕಿತ್ತಳೆಯೇ ತನಗಿದ್ದ ಏಕೈಕ ಬೆಳಕು ಎಂದು ಅವನು ಹಾಳೆಯ ಮೇಲೆ ಬರೆದಿದ್ದಾನೆ. ಮರುದಿನದ ಹಾಳೆಯಲ್ಲಿ, ತನಗೆ ಶಿಕ್ಷೆಯಾದಂತಲ್ಲ, ತಾನು ಶುದ್ಧನಾದಂತೆ ಅನಿಸುತ್ತಿದೆ ಎಂದಿದ್ದಾನೆ. ಮೊದಲನೆಯದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ಎರಡನೆಯದನ್ನು ಓದುವಾಗ, ಇದು ಆರೋಪಿಯೇ ತನ್ನ ಬಗ್ಗೆ ಆಡಿದ ಮಾತು ಎಂಬ ಎಚ್ಚರ ಬೇಕು.

ನ್ಯಾಯಾಲಯ ಬಿಟ್ಟರೂ ನೋಡುಗ ಬಿಡಬಾರದ ಪ್ರಶ್ನೆಯೊಂದಿದೆ. ಶೀಲೆಯ ರೂಪದರ್ಶಿಗಳಲ್ಲಿ ಮಕ್ಕಳಿದ್ದರು, ಬಡ ಕುಟುಂಬದ ಮಕ್ಕಳೂ ಇದ್ದರು. ಅವನ ತಂಗಿ ಗೆರ್ಟಿ ಕೂಡ ನಗ್ನವಾಗಿ ರೂಪದರ್ಶಿಯಾಗಿದ್ದಳು. ಅಂದಿನ ಕಾಲವೇ ಹಾಗಿತ್ತೆಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಅಂದಿನ ಕಾಲದವರೇ ಅವನನ್ನು ಊರು ಬಿಡಿಸಿದರು, ಸೆರೆಗೆ ಹಾಕಿದರು. ಪ್ರತಿ ಚಿತ್ರದ ಮುಂದೆ ನಿಂತಾಗ, ಅದಕ್ಕೆ ರೂಪದರ್ಶಿಯಾಗಿ ಕುಳಿತವರು ಯಾರು, ಎಷ್ಟು ವಯಸ್ಸಿನವರು, ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಇತ್ತೇ ಎಂದು ಕೇಳಿ. ಮಕ್ಕಳನ್ನು ಆ ರೀತಿ ಬರೆದ ಹಾಳೆಗಳನ್ನು ಗೆರೆಯ ಸೊಗಸಿನ ಹೆಸರಿನಲ್ಲಿ ಸಮರ್ಥಿಸಲು ನಾನು ಸಿದ್ಧನಿಲ್ಲ. ಅದೇ ಕಾರಣಕ್ಕೆ ಉಳಿದೆಲ್ಲವನ್ನೂ ತಳ್ಳಿಹಾಕಲೂ ಸಿದ್ಧನಿಲ್ಲ.

ಬದುಕಿನ ಘಟನೆಗಳನ್ನು ಚಿತ್ರಕ್ಕೆ ಅಂಟಿಸುವಾಗಲೂ ಹುಷಾರಾಗಿರಬೇಕು. 1915ರ ಜೂನ್ 17ರಂದು ಶೀಲೆ ವಾಲಿಯನ್ನು ಬಿಟ್ಟು ಈಡಿತ್ ಹಾರ್ಮ್ಸ್‌ಳನ್ನು ಮದುವೆಯಾದ. ಅದೇ ವರ್ಷದ 'ಸಾವು ಮತ್ತು ಕನ್ಯೆ' ಚಿತ್ರದಲ್ಲಿ ಕಪ್ಪು ನಿಲುವಂಗಿಯ ಗಂಡಸನ್ನು ಬಡಕಲು ತೋಳುಗಳಿಂದ ತಬ್ಬಿದ ಹೆಣ್ಣನ್ನು ವಾಲಿಯೆಂದು ಓದುವುದಕ್ಕೆ ಆಧಾರವಿದೆ. ಆದರೆ 1918ರ 'ಕುಟುಂಬ' ಚಿತ್ರದ ವಿಷಯ ಬೇರೆ. ಗರ್ಭಿಣಿ ಈಡಿತ್ ಆ ವರ್ಷದ ಅಕ್ಟೋಬರ್ 28ರಂದು ಸ್ಪ್ಯಾನಿಷ್ ಫ್ಲೂಗೆ ಬಲಿಯಾದಳು, ಮೂರು ದಿನಕ್ಕೆ ಶೀಲೆಯೂ ಹೋದ. ಹಾಗಾಗಿ ಹುಟ್ಟದೆ ಹೋದ ಮಗುವಿನ ಚಿತ್ರವೆಂದು ಇದನ್ನು ಕಣ್ಣೀರಿನೊಂದಿಗೆ ಬಣ್ಣಿಸಲಾಗುತ್ತದೆ. ಚಿತ್ರದಲ್ಲಿರುವ ಹೆಂಗಸು ಈಡಿತ್ ಅಲ್ಲ, ಮತ್ತು ಅವನ ಜೀವಿತಾವಧಿಯಲ್ಲಿ ಅದಕ್ಕಿದ್ದ ಹೆಸರು 'ಕುಕ್ಕರಗಾಲಿನಲ್ಲಿ ಕುಳಿತ ಜೋಡಿ' ಎಂದಷ್ಟೇ.

ಮನುಷ್ಯರ ಚಿತ್ರಗಳಿಂದ ಕಣ್ಣು ದಣಿದಾಗ ಊರುಗಳ ಚಿತ್ರಗಳಿಗೆ ಹೋಗಿ. ಕ್ರುಮಾವ್‌ನ ಮನೆಗಳನ್ನು ಅವನು ಎತ್ತರದಿಂದ ನೋಡಿ ಬರೆದ. ಒತ್ತೊತ್ತಾದ ಚಾವಣಿಗಳು, ಹಗ್ಗದ ಮೇಲೆ ಒಣಗುವ ಬಟ್ಟೆಗಳು, ಜನರ ಸುಳಿವು ಮಾತ್ರ ಅಪರೂಪ.

ಪ್ರತಿ ಚಿತ್ರದ ವಿವರದಲ್ಲಿ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಭಾಗವನ್ನೂ, ಅದರಲ್ಲೂ 1938ರಿಂದ 1945ರ ನಡುವಿನ ಸಾಲುಗಳನ್ನು ತಪ್ಪದೆ ಓದಿ. ವಾಲಿಯ ಭಾವಚಿತ್ರ ವಿಯೆನ್ನಾದ ಯಹೂದಿ ಕಲಾವ್ಯಾಪಾರಿ ಲೇಯಾ ಬೊಂಡಿಯಿಂದ ನಾಜಿ ಕಾಲದಲ್ಲಿ ಕಿತ್ತುಕೊಂಡದ್ದು. 1998ರಲ್ಲಿ ನ್ಯೂಯಾರ್ಕ್‌ನ ಪ್ರದರ್ಶನ ಮುಗಿದಾಗ ಅದನ್ನು ಅಲ್ಲಿಯೇ ತಡೆಹಿಡಿಯಲಾಯಿತು. ಬೊಂಡಿಯ ವಾರಸುದಾರರಿಗೆ 1.9 ಕೋಟಿ ಡಾಲರ್ ಕೊಟ್ಟು 2010ರಲ್ಲಿ ಲಿಯೋಪೋಲ್ಡ್ ಮ್ಯೂಸಿಯಂ ಅದನ್ನು ಉಳಿಸಿಕೊಂಡಿತು. 1941ರಲ್ಲಿ ಡಾಖಾವ್ ಶಿಬಿರದಲ್ಲಿ ಸತ್ತ ಹಾಸ್ಯ ಕಲಾವಿದ ಫ್ರಿಟ್ಸ್ ಗ್ರ್ಯೂನ್‌ಬಾಮ್ ಬಳಿಯೂ ಶೀಲೆಯ ಹಲವಾರು ಚಿತ್ರಗಳಿದ್ದವು. ಅವುಗಳಲ್ಲಿ ಕೆಲವು 2023ರಲ್ಲಿ ಅಮೆರಿಕದಿಂದ ಅವನ ವಾರಸುದಾರರಿಗೆ ಮರಳಿದವು.

ಮೂಲ ಚಿತ್ರಗಳನ್ನು ನೋಡಲು ವಿಯೆನ್ನಾಕ್ಕೆ ಹೋಗುವವರು ಲಿಯೋಪೋಲ್ಡ್ ಮ್ಯೂಸಿಯಂ ಮತ್ತು ಬೆಲ್ವೆಡೇರ್ ಎರಡಕ್ಕೂ ಸಮಯವಿಟ್ಟುಕೊಳ್ಳಬೇಕು. 'ಸಾವು ಮತ್ತು ಕನ್ಯೆ', 'ಕುಟುಂಬ' ಎರಡೂ ಬೆಲ್ವೆಡೇರ್‌ನವು. ಸೆರೆಮನೆಯ ಹಾಳೆಗಳಲ್ಲಿ ಹೆಚ್ಚಿನವನ್ನು ಕಾಪಾಡಿರುವುದು ಅದೇ ಊರಿನ ಆಲ್ಬರ್ಟೀನಾ ಸಂಗ್ರಹಾಲಯ. ಆದರೆ ಕಾಗದದ ಮೇಲಿನ ಚಿತ್ರಗಳು ಬೆಳಕಿಗೆ ಬೇಗ ಕೆಡುವುದರಿಂದ ಅವನ್ನು ಸದಾ ಗೋಡೆಯ ಮೇಲೆ ಇಡುವುದಿಲ್ಲ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಹೋಗಲಾಗದವರಿಗೆ ಶೀಲೆಯ ಕೃತಿಗಳ ತಜ್ಞೆ ಜೇನ್ ಕಲಿರ್ ಸಿದ್ಧಪಡಿಸಿದ ಸಮಗ್ರ ಕೃತಿಸೂಚಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಇಸವಿಯ ಕ್ರಮದಲ್ಲಿಯೇ ನೋಡುತ್ತ ಬಂದು, 1918ರ ಅಕ್ಟೋಬರ್ ಕೊನೆಯಲ್ಲಿ ಅವನು ಸಾಯುತ್ತಿರುವ ಈಡಿತ್‌ಳ ಮುಖವನ್ನು ಕಪ್ಪು ಚಾಕ್‌ನಲ್ಲಿ ಬರೆದ ಹಾಳೆಯನ್ನು ಕೊನೆಗೆ ಇಟ್ಟುಕೊಳ್ಳಿ. 1910ರ ಗೆರೆಯ ಜಂಬ, ಸೆಡವು ಯಾವುದೂ ಅದರಲ್ಲಿ ಉಳಿದಿಲ್ಲ.