ಆಯಿಯ ಕಾಲನಿರ್ಣಯ

ನಮ್ಮ ವಿಜಯಪುರದ ಕಡೆ ಆಯಿ ಅಂದರೆ ಅಜ್ಜಿ, ಪುಣೆಯವರಿಗೆ ಆಯಿ ಅಂದರೆ ತಾಯಿ. ಪುಣೆಯ ಗೋಖಲೆನಗರದ ನಮ್ಮ ಓಣಿಯಲ್ಲಿ ನನ್ನ ಅಜ್ಜಿಯನ್ನು ಎಲ್ಲರೂ ಆಯಿ ಅಂತಲೇ ಕರೆಯುತ್ತಿದ್ದರು. ಯಾರು ಯಾವ ಅರ್ಥದಲ್ಲಿ ಕರೆಯುತ್ತಾರೆಂದು ಅವಳು ವಿಚಾರಿಸಲಿಲ್ಲ, ಕರೆದವರ ಮನೆಗೆ ಹೋದಳು.

ಅವಳು ತೀರಿಹೋದ ಹದಿನೈದು ದಿನಕ್ಕೆ ಕಾಕಾ ನನಗೆ ಕೆಲಸ ಹಚ್ಚಿದರು: ವರ್ಷಾಂತಿಕದೊಳಗೆ ಆಯಿಯ ಮೇಲೆ ಒಂದು ಸಣ್ಣ ಪುಸ್ತಕ ಆಗಬೇಕು. ನಾನು ಲೇಖಕಿಯಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡುವವಳು. ಆದರೂ ಒಂದು ಭಾನುವಾರ ಕೂತು ಮೂರು ಪುಟ ಬರೆದೆ. ಮಮತೆಯ ಮೂರ್ತಿ, ಕರುಣೆಯ ಕಡಲು, ವಿಠ್ಠಲನ ಪರಮಭಕ್ತೆ, ಎಲ್ಲ ಬಂತು. ಅವ್ವ ಓದಿ ಚಷ್ಮಾ ತೆಗೆದಿಟ್ಟಳು. “ಇದರಾಗ ಹೆಸರು ಬದ್ಲಿ ಮಾಡಿದ್ರ ಯಾರ ಆಯಿ ಬೇಕಾದ್ರೂ ಆಗ್ತಾಳ” ಅಂದಳು.

ಹರಿದು ಹಾಕಿದೆ. ದಾರಿ ಸಿಕ್ಕಿದ್ದು ಅಡುಗೆಮನೆಯ ಕಪಾಟಿನಲ್ಲಿ, ಡಬ್ಬಿಗಳ ಕೆಳಗೆ ಹಾಸಿದ್ದ ಹಳೆಯ ಕ್ಯಾಲೆಂಡರುಗಳಲ್ಲಿ. ಕಾಲನಿರ್ಣಯ ಎಂಬ ಮರಾಠಿ ಪಂಚಾಂಗದ ಕ್ಯಾಲೆಂಡರು ಶುರುವಾದದ್ದು 1973ರಲ್ಲಿ. ಮಹಾರಾಷ್ಟ್ರದ ಅನೇಕ ಮನೆಗಳಂತೆ ನಮ್ಮಲ್ಲೂ ಹಾಲಿನ ಲೆಕ್ಕ ಅದರ ಚೌಕಗಳಲ್ಲೇ. ಆಯಿ ಮರಾಠಿ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದಳು, ಹಾಲಿನ ಜೊತೆಗೆ ಇಡೀ ಊರಿನ ಲೆಕ್ಕವನ್ನು. ಪುಸ್ತಕಕ್ಕೆ ಹೊದಿಕೆಯಾಗಿ, ಒಲೆಗೆ ಉರುವಲಾಗಿ ಹೋದವು ಹೋಗಿ ಹತ್ತೊಂಬತ್ತು ವರ್ಷದವು ಉಳಿದಿದ್ದವು. ಎಣ್ಣೆ ಹತ್ತಿದ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಫ್ಲ್ಯಾಶ್ ಇಲ್ಲದೆ, ಒಂದೊಂದೇ ಫೋಟೋ ತೆಗೆದೆ. ಫ್ಲ್ಯಾಶ್ ಹಾಕಿದರೆ ಪೆನ್ಸಿಲ್ ಅಕ್ಷರ ಹೊಳಪಿನಲ್ಲಿ ಮಾಯವಾಗುತ್ತಿತ್ತು.

ಓದುವುದು ಸುಲಭವಿರಲಿಲ್ಲ. ಪ್ರತಿ ವರ್ಷ ಜ್ಯೇಷ್ಠದಲ್ಲಿ “ರೊ 60”, “ರೊ 75”, “ರೊ 40” ಅಂತ ದಿನಾ ಬರೆದಿದೆ. ನಾನು ರೂಪಾಯಿ ಅಂದುಕೊಂಡು ಕೂಡಿಸುತ್ತಾ ಹೋದೆ, ಬ್ಯಾಂಕಿನ ಚಾಳಿ. ಇಷ್ಟು ರೊಕ್ಕ ಆಯಿಗೆ ಎಲ್ಲಿಂದ ಬಂತು ಅಂತ ಅವ್ವನನ್ನು ಕೇಳಿದರೆ ಅವಳು ನಕ್ಕಳು. ಅದು ರೊಟ್ಟಿ!

ಸಂತ ಜ್ಞಾನೇಶ್ವರರ ಪಾಲಖಿ, ಅಂದರೆ ಪಾದುಕೆಗಳ ಪಲ್ಲಕ್ಕಿ, ಆಳಂದಿಯಿಂದ, ತುಕಾರಾಮರದು ದೇಹೂವಿನಿಂದ ಹೊರಟು ಪುಣೆಯಲ್ಲಿ ಎರಡು ರಾತ್ರಿ ತಂಗುತ್ತವೆ. ಒಂದು ಭವಾನಿ ಪೇಠಿನಲ್ಲಿ, ಇನ್ನೊಂದು ನಾನಾ ಪೇಠಿನಲ್ಲಿ. ಆಷಾಢ ಏಕಾದಶಿಗೆ ಪಂಢರಪುರ ಮುಟ್ಟಬೇಕು. ಪಾಲಖಿ ಬರುವ ಮೂರು ವಾರ ಮೊದಲೇ ಆಯಿ ಜೋಳದ ರೊಟ್ಟಿ ತಟ್ಟಿ ಕಡಕ್ ಮಾಡಿ ಇಡುತ್ತಿದ್ದಳು. ಮಳೆಗಾಲದ ಹವೆಗೆ ರೊಟ್ಟಿ ಮೆತ್ತಗಾಗುತ್ತದೆ. ಅದಕ್ಕೆ ಬಿಸ್ಕೀಟಿನ ದೊಡ್ಡ ತಗಡಿನ ಡಬ್ಬಿ, ಮೇಲೆ ಬಟ್ಟೆ, ಅದರ ಮೇಲೆ ಬಿಗಿ ಮುಚ್ಚಳ. ನಾವು ಮಕ್ಕಳು ಮುಟ್ಟಿದರೆ ಬೆನ್ನಿಗೊಂದು ಬೀಳುತ್ತಿತ್ತು. ನಾನಾ ಪೇಠಿನ ಸಾಲೆಗಳಲ್ಲಿ ಇಳಿದ ದಿಂಡಿಗಳಲ್ಲಿ, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಭಕ್ತರ ಗುಂಪುಗಳಲ್ಲಿ, ಕನ್ನಡ ಕಿವಿಗೆ ಬಿದ್ದ ಕಡೆ ಅವಳ ಚೀಲ ಬಿಚ್ಚುತ್ತಿತ್ತು. ಶೇಂಗಾ ಚಟ್ನಿ, ರೊಟ್ಟಿ, ಆಮೇಲೆ ಕಾಲಿಗೆ ಎಣ್ಣೆ. ವಿಠ್ಠಲ ಮರಾಠಿಯವ ಅಂತ ಯಾರಾದರೂ ಅಂದರೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಜ್ಞಾನೇಶ್ವರರೇ ಅವನನ್ನು ಕಾನಡಾ, ಕರ್ನಾಟಕು ಅಂದಾರ, ನೀವ್ಯಾರು ಅನ್ನೋವ್ರು, ಅನ್ನುತ್ತಿದ್ದಳು.

“ಸ” ಅಂದರೇನೆಂದು ತಿಳಿಯಲು ಇನ್ನೂ ತಡವಾಯಿತು. ಒಂದು ಹೆಂಗಸಿನ ಹೆಸರು, ಪಕ್ಕದಲ್ಲಿ “ಸ”, ಕೆಲವು ಕಡೆ “ಸ, ಗಂಡು”, “ಸ, ಹೆಣ್ಣು”. ಅದು ಸಸೂನ್, ಪುಣೆಯ ಸರಕಾರಿ ದವಾಖಾನೆ. ಕಟ್ಟಡದ ಕೆಲಸಕ್ಕೆ ವಿಜಯಪುರ, ಕಲಬುರ್ಗಿ, ಯಾದಗಿರಿಯಿಂದ ಬಂದ ಹೆಣ್ಣುಮಕ್ಕಳಿಗೆ ಮರಾಠಿ ಬಾರದು. “ಬ್ಯಾನಿ ತಿನ್ನಾಕತ್ತೈತ್ರಿ” ಅಂತ ನೋವಿನಲ್ಲಿ ಅಂದರೆ ಅಲ್ಲಿಯವರಿಗೆ ಏನು ತಿಳಿಯಬೇಕು? ಆಯಿ ನಡುವೆ ನಿಂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ಹೇಳುತ್ತಿದ್ದಳು. ಓದಿದ್ದು ನಾಲ್ಕನೇ ಇಯತ್ತೆ. ಅವಳ ಮರಾಠಿಯೂ ಅಷ್ಟಕ್ಕಷ್ಟೆ, ಆದರೆ ದನಿ ದೊಡ್ಡದು.

ಹೆಸರು ಹಿಡಿದು ಜನರನ್ನು ಹುಡುಕಲು ಆರು ತಿಂಗಳು ಬೇಕಾಯಿತು. ಇಪ್ಪತ್ತಮೂರು ಜನ ಸಿಕ್ಕರು. ಮೊದಮೊದಲು “ಆಯಿ ಹೆಂಗಿದ್ರು?” ಅಂತ ಕೇಳಿ ಕೆಟ್ಟೆ. “ದೇವರಂಥಾಕಿ” ಅನ್ನುತ್ತಾರೆ, ಕಣ್ಣೊರೆಸುತ್ತಾರೆ, ಮುಗಿಯಿತು. “ಆಯಿ ನಿಮಗ ಯಾತಕ್ಕ ಬೈದಿದ್ಲು?” ಅಂತ ಕೇಳತೊಡಗಿದ ಮೇಲೆ ಮಾತು ನಿಲ್ಲಲಿಲ್ಲ. ಫೋನಿನಲ್ಲಿ ಧ್ವನಿ ಹಿಡಿದು, ಅವರಾಡಿದ ಭಾಷೆಯಲ್ಲೇ ಇಳಿಸಿದೆ. ತಿದ್ದಿದರೆ ಎಲ್ಲರೂ ಒಬ್ಬರಂತೆ ಕೇಳುತ್ತಿದ್ದರು.

1961ರ ಕಥೆಗೆ ಮಾತ್ರ ಕಾಗದದ ಆಧಾರವಿಲ್ಲ. ಮದುವೆಯಾಗಿ ಬಂದ ಹೊಸತು, ನಾರಾಯಣ ಪೇಠಿನ ವಾಡೆಯಲ್ಲಿ ಒಂದು ಖೋಲಿ. ಜುಲೈ 12ರಂದು ಪಾನ್‌ಶೇತ್ ಆಣೆಕಟ್ಟು ಒಡೆದು, ಆ ನೀರಿಗೆ ಖಡಕವಾಸ್ಲಾ ಕೂಡ ತಡೆಯದೆ, ಮುಠಾ ನದಿ ಪೇಠುಗಳಿಗೆ ನುಗ್ಗಿತು. ಮದುವೆಯ ಫೋಟೋ, ಸೀರೆ, ಪಾತ್ರೆ ಎಲ್ಲ ಹೋದವು. ಪಕ್ಕದ ಖೋಲಿಯ ಮರಾಠಿ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಆಯಿ ಮೇಲಿನ ಬೀದಿಗೆ ಹತ್ತಿದಳಂತೆ. ಇದನ್ನು ಅವಳೆಂದೂ ನಮಗೆ ಹೇಳಿರಲಿಲ್ಲ. ಆ ಮುದುಕಿಯ ಮೊಮ್ಮಗ ಹೇಳಿದ. ಅವಳು ನಮಗೆ ಹೇಳುತ್ತಿದ್ದದ್ದು ಹೋದ ಹಿತ್ತಾಳೆ ಹಂಡೆಯ ಬಗ್ಗೆ.

ಪುಸ್ತಕದ ಬಗ್ಗೆ ಮನೆಯಲ್ಲಿ ಜಗಳವಾದದ್ದು ಒಂದು ಚಹಾ ಕಪ್ಪಿನ ವಿಷಯಕ್ಕೆ. ಆಯಿ ಮಡಿ ಬಿಟ್ಟವಳಲ್ಲ. ವಾರಕರಿಗಳ ಕಾಲು ಒತ್ತುವಾಗ ಜಾತಿ ಕೇಳದವಳು, ಭಾಂಡಿ ತಿಕ್ಕುವ ಕೆಲಸದ ಬಾಯಿಗೆ (ಹೆಂಗಸಿಗೆ) ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಬೇರೆ ಕಪ್ಪು ಇಟ್ಟಿದ್ದಳು. ಬಾಯಿಯ ಮಗಳು ಈಗ ಸಾಲೆಯಲ್ಲಿ ಶಿಕ್ಷಕಿ. ಬೈಗುಳದ ಪ್ರಶ್ನೆಗೆ ಅವರು ನೆನೆಸಿದ್ದು ಆ ಕಪ್ಪನ್ನೇ. ತಾಯಿಯ ಚಹಾ ಒಳಗಿನ ಕಪ್ಪಿನಲ್ಲಿ ಹಾಕಿದ್ದಕ್ಕೆ ಬೈಸಿಕೊಂಡಿದ್ದರು, ಎಂಟು ವರ್ಷದ ಹುಡುಗಿ. ಕಾಕಾ ಬೇಡವೇ ಬೇಡ ಅಂದರು: “ಶ್ರಾದ್ಧದ ಪುಸ್ತಕದಾಗ ಇದೇನು?” ನನಗೂ ಕೈ ನಡುಗಿತು. ಬರೆದದ್ದನ್ನು ಒಯ್ದು ಶಿಕ್ಷಕಿಗೇ ಓದಿ ಹೇಳಿದೆ. ಅವರು ಮರಾಠಿಯಲ್ಲಿ ಅಂದದ್ದರ ತಾತ್ಪರ್ಯ ಇಷ್ಟು: ನನ್ನ ಹತ್ತನೇ ಇಯತ್ತೆಯ ಫೀ ಕಟ್ಟಿದ್ದೂ ಆಕೆಯೇ, ಅದನ್ನೂ ಬರೆಯಿರಿ, ಒಂದು ಬರೆದು ಒಂದು ಬಿಟ್ಟರೆ ಆಕೆಯಲ್ಲ. ಫೀ 1989ರ ಫೆಬ್ರುವರಿಯ ಚೌಕದಲ್ಲಿತ್ತು, ಹಾಲಿನ ಬಾಕಿಯ ಕೆಳಗೆ. ಎರಡೂ 31ನೇ ಪುಟದಲ್ಲಿ ಇವೆ.

ಅಚ್ಚಿಗೆ ಕೊಟ್ಟದ್ದು ಅಪ್ಪಾ ಬಳವಂತ ಚೌಕದ ಹತ್ತಿರದ ಒಂದು ಮುದ್ರಣಾಲಯಕ್ಕೆ. ಮೊದಲ ಪ್ರೂಫಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿ, ವಿಠ್ಠಲ ಮೂರು ತುಂಡಾಗಿ ನಿಂತಿದ್ದ. ಅವರ ಗಣಕದ ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಯೂನಿಕೋಡಿನಲ್ಲಿ ನಾನೇ ಪುಟ ಕಟ್ಟಿ, ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಒಯ್ದು ಕೊಟ್ಟ ಮೇಲೆ ಸರಿಹೋಯಿತು. ನೂರು ಪ್ರತಿ, 48 ಪುಟ. ಅರ್ಧ ಕನ್ನಡ, ಅರ್ಧ ಮರಾಠಿ. ನಮ್ಮ ಮನೆಯ ಮಕ್ಕಳಿಗೇ ಈಗ ಕನ್ನಡ ಓದಲು ಬರುವುದಿಲ್ಲ, ಅದನ್ನು ಮುಚ್ಚಿಟ್ಟು ಏನು ಮಾಡುವುದು.

ವರ್ಷಾಂತಿಕದ ದಿನ ಕಾಕಾ ಮಾತಾಡದೆ ಹತ್ತು ಪ್ರತಿ ಒಯ್ದರು. 31ನೇ ಪುಟಕ್ಕೆ ಅಂಟು ಹಚ್ಚುತ್ತಾರೆಂದು ಅವ್ವ ಪಣ ಕಟ್ಟಿದ್ದಳು. ಹಚ್ಚಿಲ್ಲ ಅಂತ ಅವರ ಮಗಳು ಹೇಳಿದಳು.