ಲಯ ತಪ್ಪಿದ ಮಿಡ್‌ಫೀಲ್ಡರ್‌ನನ್ನು ಮತ್ತೆ ಆಟಕ್ಕೆ ತರುವುದು ಹೇಗೆ?

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ ಲಯ ಕಳೆದುಕೊಂಡರೆ ಗೋಲು ನಿಂತುಹೋಗುತ್ತದೆ, ಗೋಲ್‌ಕೀಪರ್ ಲಯ ಕಳೆದುಕೊಂಡರೆ ಗೋಲು ಹೆಚ್ಚಾಗುತ್ತದೆ. ಎರಡೂ ಎಲ್ಲರ ಕಣ್ಣಿಗೆ ಬೀಳುತ್ತವೆ. ನಡುಮೈದಾನದಲ್ಲಿ ಆಡುವ ಮಿಡ್‌ಫೀಲ್ಡರ್‌ನ ವಿಷಯ ಹಾಗಲ್ಲ. ಅವನು ಓಡುತ್ತಲೇ ಇರುತ್ತಾನೆ, ಪಾಸ್ ಕೊಡುತ್ತಲೇ ಇರುತ್ತಾನೆ, ಆದರೂ ತಂಡದ ಆಟ ನಡುಮೈದಾನದಲ್ಲಿ ಕುಂಟುತ್ತಿರುತ್ತದೆ, ಮತ್ತು ಏನು ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗುವುದಿಲ್ಲ. ಬೆಂಗಳೂರಿನ ಲೀಗ್‌ನಲ್ಲಿ ಕೆಲವು ವರ್ಷ ತಂಡವೊಂದಕ್ಕೆ ತರಬೇತಿ ನೀಡಿದ ಅನುಭವದಿಂದ, ಕ್ಲಬ್‌ಗೂ ರಾಜ್ಯ ಅಥವಾ ದೇಶದ ತಂಡಕ್ಕೂ ಆಡುವ ಹುಡುಗ ಎರಡೂ ಕಡೆ ಮಂಕಾದಾಗ ತರಬೇತುದಾರರು ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರಣ ಗೊತ್ತಾಗುವ ಮೊದಲು ಅಭ್ಯಾಸ ಹೆಚ್ಚಿಸಬೇಡಿ ಎಂಬುದೇ ನನ್ನ ಮೊದಲ ಮಾತು, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ.

ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಂದು ಮಧ್ಯಾಹ್ನದ ಪಂದ್ಯ. ನಮ್ಮ ಮಿಡ್‌ಫೀಲ್ಡರ್ ಹುಡುಗ ಸ್ಟಾಪರ್‌ನಿಂದ, ಅಂದರೆ ಡಿಫೆನ್ಸ್‌ನ ನಡುವೆ ನಿಲ್ಲುವವನಿಂದ, ಚೆಂಡು ಪಡೆಯುತ್ತಿದ್ದ, ಹೆಚ್ಚಿನ ಸಲ ಮರುಕ್ಷಣವೇ ಅದನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತಿದ್ದ. ಗೆರೆಯ ಪಕ್ಕದಲ್ಲಿ ನಿಂತು ನಾನು ‘ತಿರುಗು, ತಿರುಗು’ ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ. ಧೈರ್ಯ ಸಾಲದು, ದಮ್ಮು ಸಾಲದು ಎಂದು ತೀರ್ಮಾನಿಸಿ, ಮುಂದಿನ ಎರಡು ವಾರ ಬೆಳಿಗ್ಗೆ ಬೇಗ ಕರೆಸಿ ಅವನನ್ನು ಹೆಚ್ಚುವರಿಯಾಗಿ ಓಡಿಸಿದೆ. ಆಟ ಇನ್ನಷ್ಟು ಕೆಟ್ಟಿತು. ಆಮೇಲೆ ಇನ್ನೊಬ್ಬ ಆಟಗಾರನ ತಮ್ಮ ಗ್ಯಾಲರಿಯ ಮೇಲಿನ ಮೆಟ್ಟಿಲಿನಿಂದ ಮೊಬೈಲ್‌ನಲ್ಲಿ ತೆಗೆದಿದ್ದ ವಿಡಿಯೊ ನೋಡಿದಾಗ ಗೊತ್ತಾಯಿತು: ಹುಡುಗ ಬಲಕ್ಕೆ ತಿರುಗುತ್ತಿದ್ದ, ಎಡಕ್ಕೆ ಒಂದು ಸಲವೂ ತಿರುಗಿರಲಿಲ್ಲ. ಅವನ ಎಡ ತೊಡೆಸಂದಿನಲ್ಲಿ ತಿಂಗಳಿನಿಂದ ನೋವಿತ್ತು. ರಾಜ್ಯ ತಂಡದ ಆಯ್ಕೆ ಶಿಬಿರ ಹತ್ತಿರವಿದ್ದುದರಿಂದ ಯಾರಿಗೂ ಹೇಳಿರಲಿಲ್ಲ. ಶಿಬಿರದಲ್ಲಿಯೂ ಅದೇ ನೋವಿನಲ್ಲಿ ಆಡಿ, ಅಲ್ಲಿಯೂ ಮಂಕಾಗಿ ಬಂದ.

ಆದ್ದರಿಂದ ಮೊದಲು ನೋಡುವುದನ್ನು ಕಲಿಯಿರಿ. ಮೈದಾನದ ಮಟ್ಟದಲ್ಲಿ ನಿಂತವರಿಗೆ ನಡುಮೈದಾನ ಕಾಲುಗಳ ಗೋಜಲಾಗಿಯೇ ಕಾಣುತ್ತದೆ. ಯಾರಾದರೊಬ್ಬರನ್ನು ಗ್ಯಾಲರಿಯ ಎತ್ತರದಲ್ಲಿ ಕೂರಿಸಿ, ಚೆಂಡನ್ನು ಹಿಂಬಾಲಿಸದೆ ಆ ಒಬ್ಬ ಆಟಗಾರನನ್ನೇ ಇಡೀ ಪಂದ್ಯ ಚಿತ್ರೀಕರಿಸಲು ಹೇಳಿ. ಒಂದು ಪಂದ್ಯ ಸಾಲದು, ಕನಿಷ್ಠ ಮೂರು ಬೇಕು, ಏಕೆಂದರೆ ಒಂದು ದಿನ ಎಲ್ಲರ ಆಟವೂ ಕೆಡುತ್ತದೆ. ನಂತರ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ. ಚೆಂಡು ಎಲ್ಲಿ ಸಿಕ್ಕಿತು, ಸಿಗುವ ಮೊದಲು ಭುಜದ ಮೇಲಿಂದ ಹಿಂದಕ್ಕೆ ನೋಡಿದನೇ, ಚೆಂಡು ಬಂದಾಗ ಮೈ ಯಾವ ಕಡೆಗೆ ತೆರೆದಿತ್ತು, ಮುಂದಿನ ಪಾಸ್ ಮುಂದಕ್ಕೋ ಅಡ್ಡಕ್ಕೋ ಹಿಂದಕ್ಕೋ ಎಂದು ಪ್ರತಿ ಸಲವೂ ಬರೆಯಿರಿ. ಗೋಲು, ಅಸಿಸ್ಟ್‌ಗಳನ್ನು (ಗೋಲಿಗೆ ದಾರಿ ಮಾಡಿದ ಪಾಸ್‌ಗಳನ್ನು) ಲೆಕ್ಕ ಹಾಕಬೇಡಿ. ಅವು ಇನ್ನೊಬ್ಬರ ಕಾಲಿನ ಮೇಲೂ ಅವಲಂಬಿಸಿರುತ್ತವೆ.

ಎರಡನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಚೆಂಡು ಬರುವ ಮೊದಲು ಹೆಚ್ಚು ಸಲ ಸುತ್ತ ನೋಡುವ ಆಟಗಾರರ ಪಾಸ್‌ಗಳು ಹೆಚ್ಚು ಸಫಲವಾಗುತ್ತವೆ ಎಂಬುದನ್ನು ಅವರ ಕೆಲಸ ತೋರಿಸಿದೆ. ಲಯ ತಪ್ಪಿದ ಮಿಡ್‌ಫೀಲ್ಡರ್ ಸಾಮಾನ್ಯವಾಗಿ ಮೊದಲು ನಿಲ್ಲಿಸುವುದು ಈ ನೋಡುವಿಕೆಯನ್ನೇ. ಚೆಂಡು ಕಳೆದುಕೊಂಡೇನು ಎಂಬ ಭಯದಿಂದ ಅವನ ಕಣ್ಣು ಚೆಂಡಿಗೆ ಅಂಟಿಕೊಳ್ಳುತ್ತದೆ, ಸುತ್ತ ನೋಡದ್ದರಿಂದ ಎದುರಾಳಿ ಬಂದದ್ದು ಕಾಣುವುದಿಲ್ಲ, ಕಾಣದ್ದರಿಂದ ಚೆಂಡು ಹೋಗುತ್ತದೆ, ಭಯ ಇನ್ನೂ ಹೆಚ್ಚುತ್ತದೆ.

ನೋಟ್‌ಬುಕ್ಕು ಏನೇ ಹೇಳಲಿ, ದೇಹವನ್ನು ಮೊದಲು ಪರೀಕ್ಷಿಸಿ. ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನೆ, ಅದೂ ನಿಂತು, ತಿರುಗಿ, ಮತ್ತೆ ಹೊರಟು. ಬೆನ್ನ ಮೇಲೆ ಮಲಗಿಸಿ, ಮಂಡಿ ಮಡಚಿಸಿ, ಮಂಡಿಗಳ ನಡುವೆ ಚೆಂಡಿಟ್ಟು ಒತ್ತಲು ಹೇಳಿ. ತೊಡೆಸಂದಿನಲ್ಲಿ ನೋವು ಬಂದರೆ ಮುಂದಿನ ಮಾತು ಫಿಸಿಯೋಥೆರಪಿಸ್ಟ್ ಹತ್ತಿರವೇ ಹೊರತು ಮೈದಾನದಲ್ಲಲ್ಲ. ಮಳೆಗಾಲದಲ್ಲಿ ಡೆಂಗಿ ಬಂದು ಹೋಗಿದ್ದರೆ, ಪ್ಲೇಟ್‌ಲೆಟ್ ಸರಿಯಾದ ಮೇಲೂ ವಾರಗಟ್ಟಲೆ ಸುಸ್ತು ಉಳಿಯಬಹುದು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹ) ಪರೀಕ್ಷೆಯನ್ನು, ವಿಶೇಷವಾಗಿ ಆಟಗಾರ್ತಿಯರ ವಿಷಯದಲ್ಲಿ, ವೈದ್ಯರ ಸಲಹೆ ಪಡೆದು ಮಾಡಿಸಿ. ಇನ್ನೊಂದು ವಿಷಯವನ್ನು ನಮ್ಮ ಊರಿನವರು ಮರೆಯುತ್ತಾರೆ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪಿನಲ್ಲಿ ಅಭ್ಯಾಸ ಮಾಡಿದ ಹುಡುಗ ಮಂಗಳೂರಿನ ಅಥವಾ ಕೋಲ್ಕತ್ತದ ಸೆಕೆಯಲ್ಲಿ 70ನೇ ನಿಮಿಷಕ್ಕೆ ಬಸವಳಿದರೆ, ಅದು ನೀರು, ಉಪ್ಪಿನ ಸಮಸ್ಯೆ, ಲಯದ್ದಲ್ಲ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2007ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಗೆದ್ದ ಬ್ರೆಜಿಲ್‌ನ ಕಾಕಾ 2009ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ ಮೇಲೆ ಹಳೆಯ ಕಾಕಾ ಆಗಿ ಉಳಿಯಲಿಲ್ಲ. 2010ರ ವಿಶ್ವಕಪ್ಪನ್ನು ಮೊಣಕಾಲಿನ ತೊಂದರೆಯೊಂದಿಗೇ ಆಡಿ, ಅದಾದ ಮೇಲೆ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಹೊರಗೆ ಕೂರಬೇಕಾಯಿತು. ಕ್ಲಬ್ಬು ಮತ್ತು ದೇಶ ಎರಡೂ ಕಡೆ ಒಟ್ಟಿಗೆ ಆಟ ಕೆಟ್ಟರೆ ನಾನು ಮೊದಲು ಅನುಮಾನಿಸುವುದು ದೇಹವನ್ನು, ಆಮೇಲೆ ಮನಸ್ಸನ್ನು. ಒಂದು ಕಡೆ ಮಾತ್ರ ಕೆಟ್ಟರೆ ಅನುಮಾನಿಸಬೇಕಾದದ್ದು ಆಟಗಾರನನ್ನಲ್ಲ, ಅವನಿಗೆ ಕೊಟ್ಟ ಜಾಗವನ್ನು.

ಇದಕ್ಕೆ ಪಾಲ್ ಪೋಗ್ಬಾ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನಲ್ಲಿ ಅವರ ಆಟದ ಬಗ್ಗೆ ವರ್ಷವಿಡೀ ಜಗಳವಿತ್ತು. ಅದೇ ಪೋಗ್ಬಾ 2018ರ ವಿಶ್ವಕಪ್ ಫೈನಲ್‌ನಲ್ಲಿ ಕ್ರೊಯೇಷ್ಯಾ ವಿರುದ್ಧ ಗೋಲು ಹೊಡೆದು ಫ್ರಾನ್ಸ್‌ನ ಗೆಲುವಿಗೆ ಬೆನ್ನೆಲುಬಾದರು. ಅಲ್ಲಿ ಪಕ್ಕದಲ್ಲಿ ಸಹ ಆಟಗಾರ ಕಾಂಟೆ ಇದ್ದರು, ಎಡಬದಿಯನ್ನು ಮಟ್ಯುಡಿ ಕಾಯುತ್ತಿದ್ದರು, ಆದ್ದರಿಂದ ಪೋಗ್ಬಾ ತಲೆಯೆತ್ತಿ ದೂರದ ಪಾಸ್ ನೋಡಬಹುದಿತ್ತು. ಜರ್ಮನಿಯ ಶ್ವೈನ್‌ಸ್ಟೈಗರ್ ಕೂಡ ಬದಿಯಲ್ಲಿ ಆಡುವವರಾಗಿದ್ದರು. 2009ರಲ್ಲಿ ಬಯರ್ನ್ ಮ್ಯೂನಿಕ್ ಕ್ಲಬ್‌ಗೆ ಬಂದ ತರಬೇತುದಾರ ಲೂಯಿ ವ್ಯಾನ್ ಗಾಲ್ ಅವರನ್ನು ಮಧ್ಯಕ್ಕೆ ತಂದ ಮೇಲೆ ಅವರ ಆಟವೇ ಬೇರೆಯಾಯಿತು.

ನಮ್ಮಲ್ಲಿ ಈ ಸಮಸ್ಯೆ ಬೇರೆ ರೂಪದಲ್ಲಿ ಬರುತ್ತದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಕರ್ನಾಟಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದ ಮೇಲೆ ರಾಜ್ಯ ಶಿಬಿರಕ್ಕೆ ಹೋಗಬೇಕೆಂಬ ಆಸೆ ಹುಡುಗರಲ್ಲಿ ಇನ್ನಷ್ಟು ಹೆಚ್ಚಿದೆ, ಅದು ಒಳ್ಳೆಯದೇ. ಆದರೆ ಕ್ಲಬ್ಬಿನಲ್ಲಿ ಮುಂದೆ ನುಗ್ಗಿ ಆಡುವವನನ್ನು ಶಿಬಿರದಲ್ಲಿ ಡಿಫೆನ್ಸ್‌ನ ಮುಂದೆ ನಿಲ್ಲಿಸಿ ‘ಅಲ್ಲೇ ಇರು’ ಎನ್ನುತ್ತಾರೆ. ವಾಪಸ್ ಬಂದಾಗ ಅವನ ಕಾಲು ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ ಎಳೆಯುತ್ತಿರುತ್ತದೆ. ಶಿಬಿರದ ತರಬೇತುದಾರರಿಗೆ ನೀವೇ ಫೋನ್ ಮಾಡಿ ಅವನಿಗೆ ಏನು ಕೆಲಸ ಕೊಟ್ಟಿದ್ದರು, ಎಷ್ಟು ನಿಮಿಷ ಆಡಿದ, ಎಲ್ಲಾದರೂ ನೋವು ಎಂದನೇ ಎಂದು ಕೇಳಿ. ಹೀಗೆ ಕೇಳಲು ಮರ್ಯಾದೆಯ ಪ್ರಶ್ನೆ ಅಡ್ಡ ಬರುವುದನ್ನು ನಾನು ಬಹಳ ಕಡೆ ನೋಡಿದ್ದೇನೆ, ನಷ್ಟವಾಗುವುದು ಹುಡುಗನಿಗೆ. ಬಂದ ಮೊದಲ ವಾರದಲ್ಲಿ ಅವನಿಗೆ ಒಂದೇ ಸೂಚನೆ ಕೊಡಿ, ಉದಾಹರಣೆಗೆ ‘ಈ ವಾರ ನೀನು ಸೆಂಟರ್ ಸರ್ಕಲ್‌ನ ಮುಂದಿನ ಅರ್ಧದಲ್ಲಿ ಮಾತ್ರ ಚೆಂಡು ಕೇಳು’ ಎಂದು.

ಅಭ್ಯಾಸದ ವಿಷಯಕ್ಕೆ ಬಂದರೆ, ದೇಹ ಸರಿಯಿದೆ ಎಂದು ಖಚಿತವಾದ ಮೇಲೆ ದಿನಕ್ಕೆ 15 ನಿಮಿಷ ಸಾಕು. ಆಟಗಾರ ನಡುವೆ ನಿಲ್ಲುತ್ತಾನೆ, ಒಬ್ಬ ಎದುರಿನಿಂದ ಪಾಸ್ ಕೊಡುತ್ತಾನೆ, ನೀವು ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಬೆರಳುಗಳನ್ನು ಎತ್ತಿ ಹಿಡಿಯುತ್ತೀರಿ. ಚೆಂಡು ಅವನ ಕಾಲಿಗೆ ಮುಟ್ಟುವ ಮೊದಲೇ ಅವನು ಎಷ್ಟು ಬೆರಳು ಎಂದು ಕೂಗಬೇಕು. ಬೆಸ ಸಂಖ್ಯೆಯಾದರೆ ತಿರುಗಿ ಮುಂದಕ್ಕೆ, ಸರಿ ಸಂಖ್ಯೆಯಾದರೆ ಒಂದೇ ಟಚ್‌ನಲ್ಲಿ ವಾಪಸ್. ಮೊದಲ ದಿನ ಅರ್ಧಕ್ಕರ್ಧ ತಪ್ಪುತ್ತಾನೆ, ನಗುತ್ತಾನೆ ಕೂಡ. ಆ ನಗುವನ್ನು ತಡೆಯಬೇಡಿ. ನಾಲ್ಕೈದು ದಿನವಾದ ಮೇಲೆ ಬೆರಳು ಎತ್ತಿದವರ ಜಾಗಕ್ಕೆ ನಿಜವಾದ ಡಿಫೆಂಡರ್‌ನನ್ನು ತನ್ನಿ. ಅದಾದ ನಂತರ ನಾಲ್ವರು ಹೊರಗೆ ನಿಂತು ಚೆಂಡು ಉಳಿಸಿಕೊಳ್ಳುವ, ಇಬ್ಬರು ಒಳಗಿನಿಂದ ಕಸಿಯಲು ನೋಡುವ ರೊಂಡೊ ಆಡಿಸಿ. ಪಂದ್ಯದ ಹಿಂದಿನ ಎರಡು ದಿನ ಬಿರುಸಿನ ಓಟ ಬೇಡ.

ಮನಸ್ಸಿನ ಭಾಗದಲ್ಲಿ ನಿಮ್ಮ ಮಿತಿ ನಿಮಗೆ ಗೊತ್ತಿರಲಿ. 2009ರ ಬೇಸಿಗೆಯಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಸ್ಪೇನ್‌ನ ಮಿಡ್‌ಫೀಲ್ಡರ್ ಆಂಡ್ರೆಸ್ ಇನಿಯೆಸ್ಟಾ, ಅದೇ ಆಗಸ್ಟ್‌ನಲ್ಲಿ ಗೆಳೆಯ ಡ್ಯಾನಿ ಹಾರ್ಕೆ ತೀರಿಕೊಂಡ ಸುದ್ದಿಯ ನಂತರ ಖಿನ್ನತೆಗೆ ಜಾರಿ, ಗಾಯಗಳಿಂದಲೂ ನರಳಿ, ಮನಶ್ಶಾಸ್ತ್ರಜ್ಞರ ನೆರವು ಪಡೆದಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. 2010ರ ವಿಶ್ವಕಪ್ ಫೈನಲ್‌ನ 116ನೇ ನಿಮಿಷದಲ್ಲಿ ಗೋಲು ಹೊಡೆದು ಅಂಗಿ ತೆಗೆದಾಗ ಒಳಗಿನ ಬನಿಯನ್ ಮೇಲಿದ್ದದ್ದು ಹಾರ್ಕೆ ಅವರ ಹೆಸರು. ಹುಡುಗ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದರೆ ತಡ ಮಾಡದೆ ವೈದ್ಯರ ಹತ್ತಿರ ಕಳಿಸಿ. ಗೆರೆಯ ಪಕ್ಕದಿಂದ ಅಪ್ಪ ಬೈಯುತ್ತಿದ್ದರೆ ಅಪ್ಪನ ಜೊತೆ ನೀವೇ ಕೂತು ಮಾತಾಡಿ. ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೊಬ್ಬರ ಆಟದ ವಿಮರ್ಶೆಯೂ ಬೇಡ ಎಂದು ನಿಯಮ ಮಾಡಿ, ಅದನ್ನು ಮೊದಲು ನೀವು ಪಾಲಿಸಿ.

ಮರಳಿ ಆಡಿಸುವಾಗ ಬೆಂಚಿಗೆ ಹಾಕುವ ಕಾರಣವನ್ನು ಪಂದ್ಯದ ಹಿಂದಿನ ದಿನವೇ ಮುಖ ನೋಡಿ ಹೇಳಿ. ಎದುರಾಳಿ ದಣಿದು ನಡುವೆ ಜಾಗ ತೆರೆದುಕೊಳ್ಳುವ 65ನೇ ನಿಮಿಷದ ಹೊತ್ತಿಗೆ ಅವನನ್ನು ಇಳಿಸಿ, ಒಂದೇ ಕೆಲಸ ಕೊಡಿ. ಪಂದ್ಯ ಮುಗಿದ ಮೇಲೆ ಸೋಲು ಗೆಲುವಿನ ಮಾತೆತ್ತದೆ ನೋಟ್‌ಬುಕ್ಕಿನ ಎರಡನೆಯ ಕಾಲಂ ಅವನ ಮುಂದಿಟ್ಟು, ಹಿಂದಿರುಗಿ ನೋಡಿದ ಗುರುತುಗಳನ್ನು ಅವನೇ ಎಣಿಸಲಿ. ನಮ್ಮ ಹುಡುಗ ಎಣಿಸುತ್ತಾ ಬಂದು, ಒಂದು ಕಡೆ ಬೆರಳು ನಿಲ್ಲಿಸಿ, ‘ಸರ್, ಇದು ಎಡಗಡೆ ತಿರುಗಿದ್ದು’ ಎಂದ.