ಕಂತಿನ ಸೌರದೀಪ ಮಾರಾಟಕ್ಕೆ ತಂತ್ರಾಂಶ ಹೊಂದಿಸುವ ಬಗೆ

ನಾಗಮಂಗಲ, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಬಳಸಿದಷ್ಟು ದಿನಕ್ಕೆ ಹಣ ಕಟ್ಟುವ ಕರಾರಿನ ಮೇಲೆ ಸೌರದೀಪ ಮಾರುವವರು, ಗ್ರಾಹಕರ ಕೈಗೆ ಹಣ ಬರುವ ದಿನವನ್ನು ಮೊದಲು ಕೇಳಿ ತಿಳಿದು, ತಂತ್ರಾಂಶದಲ್ಲಿ ಕಂತಿನ ಅವಧಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕು. ಡೇರಿಗೆ ಹಾಲು ಹಾಕುವ ಮನೆಗೆ ಬಟವಾಡೆಯ ಮರುದಿನ ಕಂತು ಬೀಳಲಿ. ಕಬ್ಬನ್ನೇ ನಂಬಿದವರಿಗೆ ಕಾರ್ಖಾನೆಯ ಹಣ ಬಂದಾಗ ಹಲವು ತಿಂಗಳಿನದನ್ನು ಒಟ್ಟಿಗೆ ಕಟ್ಟುವ ಅವಕಾಶವಿರಲಿ. ಎಲ್ಲರಿಗೂ ಒಂದನೇ ತಾರೀಖನ್ನೇ ಗೊತ್ತುಮಾಡುವುದು ಸಂಬಳದವರ ಲೆಕ್ಕಾಚಾರ, ಇಲ್ಲಿ ಅದು ನಡೆಯದು.

ಅನಂತರ ಪ್ರತಿ ದೀಪದ ಕ್ರಮಸಂಖ್ಯೆಯನ್ನು ಗ್ರಾಹಕರ ಖಾತೆಗೆ ಜೋಡಿಸಿರಿ. ಹಣ ಜಮೆಯಾದೊಡನೆ ತಂತ್ರಾಂಶವು ಆ ಒಂದು ದೀಪಕ್ಕೆ ಮಾತ್ರ ಸಲ್ಲುವ ಸಂಕೇತವನ್ನು ಎಸ್ಸೆಮ್ಮೆಸ್ ಮೂಲಕ ಕಳುಹಿಸುತ್ತದೆ. ಅದನ್ನು ದೀಪದ ಪೆಟ್ಟಿಗೆಯ ಗುಂಡಿಗಳಲ್ಲಿ ಒತ್ತಿದರೆ ಕಟ್ಟಿದಷ್ಟು ದಿನ ದೀಪ ಉರಿಯುತ್ತದೆ. ಸಂಕೇತವನ್ನು ಲೆಕ್ಕಹಾಕಲು ಬೇಕಾದ ರಹಸ್ಯ ಸಂಖ್ಯೆ, ಅಂದರೆ ಗುಪ್ತ ಕೀಲಿಯು, ಸರ್ವರ್‌ನಲ್ಲಿಯೂ ಪೆಟ್ಟಿಗೆಯೊಳಗೂ ಮೊದಲೇ ಇರುವುದರಿಂದ ಪೆಟ್ಟಿಗೆಗೆ ಸಿಮ್ಮಾಗಲಿ ನೆಟ್‌ವರ್ಕಾಗಲಿ ಬೇಕಿಲ್ಲ, ಒಮ್ಮೆ ಒತ್ತಿದ ಸಂಕೇತ ಮತ್ತೆ ನಡೆಯುವುದೂ ಇಲ್ಲ. ಓಪನ್‌ಪೇಗೋ ಟೋಕನ್ ಎಂಬ ಮುಕ್ತ ಪದ್ಧತಿಯೂ ಇದೇ ತತ್ತ್ವದ್ದು. ಅದರ ಸಾಮಾನ್ಯ ಸಂಕೇತದಲ್ಲಿ 9 ಅಂಕಿಗಳಿರುತ್ತವೆ. ಮುಸ್ಸಂಜೆಯ ಮಬ್ಬಿನಲ್ಲಿ ಕನ್ನಡಕವಿಲ್ಲದೆ ಓದುವ ಅಜ್ಜಿಯನ್ನು ನೆನೆದು, ಅದನ್ನು 482 915 306 ಎಂಬಂತೆ ಮೂರು ಮೂರಾಗಿ ಬಿಡಿಸಿ ಕಳುಹಿಸಿರಿ.

ಊರಲ್ಲಿರುವ ತಾಯಿಯ ಕಂತನ್ನು ಬೆಂಗಳೂರಿನ ಮಗ ಯುಪಿಐ ಮೂಲಕ ಕಟ್ಟುವುದು ಸಾಮಾನ್ಯವಾದ್ದರಿಂದ, ಜಮೆಯನ್ನು ಹಣ ಕಳುಹಿಸಿದವರ ಹೆಸರಿನಿಂದ ಗುರುತಿಸಬಾರದು. ಪ್ರತಿ ಖಾತೆಗೂ ಪ್ರತ್ಯೇಕ ಕ್ಯೂಆರ್ ಕೋಡ್ ಇರಬೇಕು. ಗಡುವು ಮೀರಿದ ಕೂಡಲೇ ದೀಪ ಆರಿಸದೆ ಮೂರು ದಿನಗಳ ರಿಯಾಯಿತಿ ಕೊಡಿ, ಏಕೆಂದರೆ ಆ ಬೆಳಕಿನಲ್ಲಿ ಮಕ್ಕಳು ಓದುತ್ತಿರುತ್ತಾರೆ. ಕೊನೆಯ ಕಂತು ಸಂದ ದಿನವೇ ಶಾಶ್ವತ ಬಿಡುಗಡೆಯ ಸಂಕೇತವು ಯಾರೂ ಕೇಳದೆ ತಾನಾಗಿಯೇ ಹೋಗುವಂತೆ ಏರ್ಪಡಿಸಿರಿ.